ಕಡಲ ತಳದ ಸಂಸಾರ

ವಿದ್ಯಾನಗರದ ಹೈಸ್ಕೂಲೊಂದರಲ್ಲಿ ನಾನೂ ನನ್ನ ಸಹೋದ್ಯೋಗಿಯೊಬ್ಬರೂ ವಿಜ್ಞಾನದ ಟೀಚರುಗಳು. ನನ್ನ ಪಾಠಕ್ಕೆ ಮಕ್ಕಳು ಸುಮ್ಮನೆ ಕೂರುತ್ತಿದ್ದರು. ಅವರ ಪಾಠಕ್ಕೆ ಓಡಿ ಬರುತ್ತಿದ್ದರು. ಅದೇ ಶಾಲೆಯಲ್ಲಿ ಓದುತ್ತಿದ್ದ ನನ್ನ ಮಗಳೂ ಅಷ್ಟೇ. ಮನೆಗೆ ಬಂದ ಮೇಲೂ ಅವಳ ಬಾಯಲ್ಲಿ ಅವರದೇ ಜಪ.

ಆ ವರ್ಷ ಅವರಿಗೆ ರೋಡಾಲಿಡ್ ಎಂಬ ಕಡಲಜೀವಿಯ ಹುಚ್ಚು ಹಿಡಿದಿತ್ತು. ಆಳ ಸಮುದ್ರದ ತಳದಲ್ಲಿ ಅದರ ವಾಸ. ಮೇಲೆ ಗಾಳಿ ತುಂಬಿದ ಬುರುಡೆ, ಕೆಳಗೆ ನೆಲವನ್ನು ಹಿಡಿದುಕೊಳ್ಳುವ ನೂಲಿನಂಥ ಎಳೆಗಳು. ಅಂಗೈ ಉಬ್ಬಿಸಿ, ಬೆರಳುಗಳನ್ನು ಮೇಜಿಗೆ ಊರಿ ಅದನ್ನು ತೋರಿಸುವರು.

“ಇದು ಒಂದು ಪ್ರಾಣಿ ಅಲ್ಲ ಮಾರಾಯ್ರೇ, ಎಷ್ಟೋ ಪುಟ್ಟ ಜೀವಿಗಳು ಅಂಟಿಕೊಂಡಿರೋ ಒಂದು ಸಂಸಾರ. ಒಬ್ಬರು ಬೇಟೆ ಆಡ್ತಾರೆ, ಇನ್ನೊಬ್ಬರು ಅರಗಿಸ್ತಾರೆ.” ಸ್ಟಾಫ್ ರೂಮಿನಲ್ಲೂ ಇದೇ ಮಾತು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಭದ್ರಾವತಿಯ ವಿಜ್ಞಾನ ಪ್ರದರ್ಶನಕ್ಕೆಂದು ನಾನೂ ಮಗಳೂ ಸೇರಿ ಹೃದಯದ ಮಾದರಿ ಮಾಡಿದ್ದೆವು. ಅವರು ದೊಡ್ಡದೊಂದು ಗ್ಯಾಸ್ ಬಲೂನಿಗೆ ದಾರಗಳನ್ನು ಕಟ್ಟಿ ತಂದು, ಒಂದೊಂದನ್ನು ಒಂದೊಂದು ಮಗುವಿನ ಕೈಗೆ ಕೊಟ್ಟರು. ಬಂದವರೆಲ್ಲ ಅಲ್ಲೇ ಮುತ್ತಿಕೊಂಡರು. ನಮ್ಮ ಮಾದರಿಯ ಪಕ್ಕ ನಿಂತು ವಿವರಿಸಬೇಕಿದ್ದ ಮಗಳೂ ಹೋಗಿ ಅಲ್ಲೊಂದು ದಾರ ಹಿಡಿದಿದ್ದಳು.

“ಬಾರೇ ಇಲ್ಲಿ, ಜಡ್ಜ್ ಬರೋ ಹೊತ್ತಾಯ್ತು” ಎಂದು ಕೂಗಿದೆ.

“ಇರಮ್ಮ, ನಾನು ಬಿಟ್ರೆ ಇದು ಹಾರೋಗತ್ತೆ!”

ನಾನೇ ಅವಳನ್ನು ಎಳೆದುಕೊಂಡು ಬರಲು ಹೋದೆ. ಅವರು ನಗುತ್ತ ಇನ್ನೊಂದು ದಾರವನ್ನು ನನ್ನತ್ತ ಚಾಚಿದರು. “ನೀವೂ ಒಂದು ಹಿಡ್ಕೊಳ್ಳಿ ಮೇಡಂ.”

ಅಷ್ಟು ಜನರ ಮುಂದೆ ಒಲ್ಲೆ ಎನ್ನಲಾಗದೆ ಹಿಡಿದೆ. ಮಗಳ ಭುಜಕ್ಕೆ ನನ್ನ ಕೈ ತಾಗುತ್ತಿತ್ತು. ಅವಳು ಮಾತ್ರ ತಲೆಯೆತ್ತಿ ಅವರ ಮುಖವನ್ನೇ ನೋಡುತ್ತಿದ್ದಳು.