ಹುಳುಗಳು ಮಲಗಿದ್ದಾಗ

ಎಂಬತ್ತರ ದಶಕದ ಕೊನೆಯ ಮಾತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ನಾನು ಬರಿಗೈಯಲ್ಲಿ ಶಿಡ್ಲಘಟ್ಟದ ಹತ್ತಿರದ ನಮ್ಮೂರಿಗೆ ವಾಪಸು ಬಂದೆ. ಮಗು ಹುಟ್ಟುವಾಗಲೇ ಉಸಿರಿರಲಿಲ್ಲ. ಹೆಣ್ಣು ಮಗು. ತವರಿನಲ್ಲಿ ತಾಯಿಯಿಲ್ಲದ್ದರಿಂದ ಚೊಚ್ಚಲ ಹೆರಿಗೆಗೂ ಅತ್ತೆಯ ಮನೆಯಲ್ಲೇ ಉಳಿದವಳು ನಾನು. ಬಸ್ಸಿನ ಕಿಟಕಿಯ ಪಕ್ಕ ಕೂತು ದ್ರಾಕ್ಷಿ ಚಪ್ಪರಗಳನ್ನು ನೋಡುತ್ತಾ ಬಂದೆ. ಏನೂ ಅನ್ನಿಸಲಿಲ್ಲ.

ಮನೆಗೆ ಬಂದರೆ ನನ್ನನ್ನು ಏನೆಂದು ನೋಡಬೇಕೋ ಯಾರಿಗೂ ತಿಳಿಯಲಿಲ್ಲ. ಮಗುವಿದ್ದರೆ ಬಾಣಂತಿ. ಕತ್ತಲೆ ಕೋಣೆ, ಎಣ್ಣೆ ನೀರು, ಮೆಣಸಿನ ಸಾರು, ತಿಂಗಳುಗಟ್ಟಲೆ ವಿಶ್ರಾಂತಿ. ಮಗುವಿಲ್ಲದವಳಿಗೆ ಏನು ಎಂದು ಊರಿನ ಶಾಸ್ತ್ರ ಹೇಳುವುದಿಲ್ಲ. ನೋಡಲು ಬಂದ ಹೆಂಗಸರು, ಕೆಲಸಕ್ಕೆ ಕೈ ಹಚ್ಚಿದರೆ ಮರೆಯುತ್ತೆ ಅಂದರು. ಪುಕ್ಕಟೆ ಬುದ್ಧಿಮಾತಿಗೆ ನಮ್ಮೂರಲ್ಲಿ ಬರವೇ ಇಲ್ಲ. ಆದರೂ ಎದ್ದೆ. ಮನೆಯಲ್ಲಿ ಸಾಕಿದ್ದ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದೆ, ತಟ್ಟೆ ತಟ್ಟೆಗೂ ಹರಡಿದೆ. ಎದೆಯಲ್ಲಿ ಹಾಲು ಕಟ್ಟಿ ರವಿಕೆ ಒದ್ದೆಯಾಗುತ್ತಿತ್ತು. ಸೆರಗು ಬಿಗಿದುಕೊಂಡು ಮತ್ತೆ ಸೊಪ್ಪಿಗೆ ಹೋಗುತ್ತಿದ್ದೆ. ಬೇರೆ ಯಾರದೋ ಮೈ ಹೊತ್ತು ತಿರುಗಿದ ಹಾಗಿತ್ತು. ಅತ್ತೆ ಏನೂ ಅನ್ನುತ್ತಿರಲಿಲ್ಲ. ಅದು ಕೋಪವೆಂದೇ ತಿಳಿದಿದ್ದೆ.

ಹುಳುಗಳು ಕೊನೆಯ ಜ್ವರಕ್ಕೆ ಕೂತವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಹೊತ್ತು. ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಮಲಗುತ್ತವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಬಿಡಬೇಕು. ನಮ್ಮ ಕಡೆ ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳಿಗೂ ಇದು ಗೊತ್ತು. ನಾನು ಬೆಳಿಗ್ಗೆ ಎದ್ದವಳೇ ತಟ್ಟೆಗಳನ್ನು ಎಳೆದೆಳೆದು, ಮಲಗಿದ್ದ ಹುಳುಗಳ ಮೇಲೆಲ್ಲ ಹಸಿ ಸೊಪ್ಪು ಹೇರಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಸಿಟ್ಟು ಬಂದರೆ ತೆಲುಗಿಗಿಳಿದು ನಮ್ಮ ಏಳು ತಲೆಮಾರನ್ನು ಜಾಲಾಡುವ ಹೆಂಗಸು. ಅಂದು ಬೈಯಲಿಲ್ಲ. ಹುಳು ಅಲುಗದ ಹಾಗೆ ಒಂದೊಂದೇ ಎಲೆ ಎತ್ತಿ ತೆಗೆದರು. ಎಲ್ಲ ತಟ್ಟೆಯೂ ಮುಗಿದ ಮೇಲೆ ನನ್ನ ಕೈಯಿಂದ ಬುಟ್ಟಿ ಇಸಿದುಕೊಂಡರು.

ಬಚ್ಚಲ ಹಂಡೆಗೆ ಉರಿ ಹಾಕಿದರು. ಮೈಗೆ ಎಣ್ಣೆ ತಿಕ್ಕಿ ಬಿಸಿನೀರು ಹುಯ್ದರು, ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಕೊಟ್ಟು ಬಟ್ಟೆ ಕಟ್ಟಿದರು. ಒಳಕೋಣೆಯಲ್ಲಿ ಕಂಬಳಿ ಹಾಸಿದರು. ಪಕ್ಕದ ಮನೆಯವಳು ಇಣುಕಿ, ಕೂಸಿಲ್ಲದ ಮನೆಯಲ್ಲಿ ಇದೆಂಥ ಬಾಣಂತನ ಎಂದು ಕೇಳಿದ್ದು ಕಿವಿಗೆ ಬಿತ್ತು. ನನಗೂ ಅದು ನಿಜವೆನ್ನಿಸಿ ಏಳಲು ಹೋದೆ. ಜ್ವರದಿಂದ ಎದ್ದ ಹುಳುವಿನ ಹಸಿವು ದೊಡ್ಡದು, ಮನೆಮಂದಿಯೆಲ್ಲ ಸೊಪ್ಪು ಹೊತ್ತರೂ ಸಾಲದು. ನಾಳೆ ಏಳುತ್ತವಲ್ಲ ಅತ್ತೆ, ನೀವೊಬ್ಬರೇ ಏನು ಮಾಡುತ್ತೀರಿ ಎಂದೆ.

"ಅವಕ್ಕೆ ನಾನಿದೀನಿ. ನೀನು ಮಲ್ಕೊ," ಎಂದು ಭುಜ ಒತ್ತಿ ಮಲಗಿಸಿದರು. ಆಮೇಲೆ, ಬಾಗಿಲಾಚೆ ನಿಂತವಳಿಗೂ ಕೇಳುವ ಹಾಗೆ, "ಮಗು ಹೋಯ್ತು ಅಂತ ನೀನು ಹೆತ್ತಿದ್ದು ಸುಳ್ಳಾಗುತ್ತೇನಮ್ಮ?" ಎಂದರು.

ನಾನು ಹೆತ್ತಿದ್ದೇನೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಕಾಲು ಚಾಚಿ ಮಲಗಿದೆ.