ಸಾಹೇಬರು ಬಂದ ದಿನ ಗುಡಿಸದ ಬೀದಿ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ತಗ್ಗುಬೀದಿಯಲ್ಲಿ ಉದ್ದ ಕೋಲಿನ ಪೊರಕೆ ಆಗಲೇ ಸರಬರ ಶುರುಮಾಡಿದೆ. ಅದನ್ನು ಹಿಡಿದಾಕೆಯನ್ನು ಪುರಸಭೆಯ ಅಧ್ಯಕ್ಷೆಯಿಂದ ಹಾಲಿನವನವರೆಗೆ ಎಲ್ಲರೂ ಕರೆಯುವುದು 'ಸರಬರ ಅಕ್ಕ' ಎಂದೇ. "ಹೆತ್ತ ಮಗಳೂ ಹಾಗೇ ಕರೀತಾಳೆ, ತಲೆಹರಟೆ," ಎಂದು ಅಕ್ಕ ನನಗೆ ಹೇಳಿ ನಗುತ್ತಾರೆ.

ಇದೇ ಬೀದಿಯ ಕೊನೆಯ ಮನೆ ಅವರದು. ಜೋರು ಮಳೆ ಬಂತೆಂದರೆ ಊರಿನ ನೀರೆಲ್ಲ ಇಲ್ಲಿಗೇ. ಹಾಸಿಗೆ ಅಟ್ಟಕ್ಕೆ, ಅತ್ತೆ ಮಂಚಕ್ಕೆ. ದೊಡ್ಡ ಚರಂಡಿಯೇ ಆಗಬೇಕು; ಅಷ್ಟು ಹಣ ಪುರಸಭೆಯಲ್ಲಿಲ್ಲ. ಮೇಲಿನ ಸರ್ಕಾರದ ಯೋಜನೆಯೋ, ದೊಡ್ಡ ನಗರಗಳಿಗೆ ಮಾತ್ರ. ಅಧ್ಯಕ್ಷೆ ರಾಜಧಾನಿಗೆ ಅಲೆದಲೆದು ಚಪ್ಪಲಿ ಸವೆಸಿದ ಮೇಲೆ, ನೋಡಿಹೋಗಲು ಸಾಹೇಬರೊಬ್ಬರು ಎರಡು ಸಲ ಬಂದರು.

ಎಡವಟ್ಟಾಗಿದ್ದು ಅಲ್ಲೇ. ಸಾಹೇಬರು ಬರುತ್ತಾರೆಂದರೆ ಪುರಸಭೆಗೆ ಮದುವೆಮನೆಯ ಸಡಗರ. ಊರಿನ ಪೌರಕಾರ್ಮಿಕರನ್ನೆಲ್ಲ ಈ ಬೀದಿಗೇ ಸುರಿದು, ಚರಂಡಿಯ ಬಾಯಿ ತೊಳೆಸಿ, ಅಂಚಿಗೆ ಸುಣ್ಣ ಬಳಿಸಿದರು. ಸಾಹೇಬರು ಸುತ್ತ ನೋಡಿ, "ಎಷ್ಟು ಚೆನ್ನಾಗಿದೆಯಲ್ರೀ! ನಿಮಗ್ಯಾಕೆ ದುಡ್ಡು?" ಎಂದು ಕಾರು ಹತ್ತಿದರು. ಎರಡೂ ಸಲ!

ಮೂರನೇ ಭೇಟಿಯ ಹಿಂದಿನ ದಿನ ಅಧ್ಯಕ್ಷೆಯೇ ಅಕ್ಕನ ಮನೆಬಾಗಿಲಿಗೆ ಬಂದರು. "ಅಕ್ಕಾ, ನಾಳೆ ನಿಮಗೆ ವಾರದ ರಜೆ ಅಲ್ವಾ? ಯಾವತ್ತೂ ತಗೊಂಡವರಲ್ಲ. ಈ ಸಲ ದಮ್ಮಯ್ಯ, ಮನೇಲಿರಿ. ಶೃಂಗಾರ ಬೇಡ. ಬೀದಿ ಇದ್ದಂಗೇ ಇರ್ಲಿ."

"ಮುಖ ತೊಳೀಬೇಡ ಅಂದಂಗಾಯ್ತು ನಂಗೆ. ಕೈ ಕಡಿಯೋಕೆ ಶುರುವಾಯ್ತು," ಎನ್ನುತ್ತಾರೆ ಅಕ್ಕ. "ನಮ್ಮತ್ತೆ ಪೊರಕೆನ ಮಂಚದ ಕೆಳಗೆ ತಳ್ಳಿ, ಮೇಲೆ ಮಲಗೇಬಿಟ್ರು. 'ಈಗ ಎಬ್ಬಿಸು ನೋಡೋಣ' ಅಂತ!"

ಸಾಹೇಬರು ಬಂದರು, ಹಿಂದೆಯೇ ಮಳೆಯೂ ಬಂತು. ನೀರು ಮೊಣಕಾಲಿಗೇರಿದಾಗ ಅವರು ಓಡಿಬಂದು ಹತ್ತಿದ್ದು ಅತ್ತೆಯ ಮಂಚವನ್ನೇ.

"ಯಾವಾಗ್ಲೂ ಹೀಗೇನಾ, ಅಜ್ಜಿ?"

"ಇಲ್ಲಪ್ಪ, ಇವತ್ತು ಕಮ್ಮಿ. ಕಾಲು ಮೇಲೆ ಮಡಚ್ಕೊ, ಇನ್ನೂ ಬರುತ್ತೆ."

ಆ ಬಿಸಿ ಆರುವ ಮುಂಚೆಯೇ ಅಧ್ಯಕ್ಷೆ ಸುತ್ತಲಿನ ಪುರಸಭೆಗಳನ್ನೆಲ್ಲ ಕೂಡಿಸಿಕೊಂಡು ರಾಜಧಾನಿಗೆ ಹೋದರು. ಮಂಚ ಹತ್ತಿದ್ದ ಸಾಹೇಬರೇ ಅವರ ಪರವಾಗಿ ಮಾತಾಡಿದರು. ನಿಯಮವೇ ಬದಲಾಗಿದೆ: ತಗ್ಗಿನಲ್ಲಿರುವ ಸಣ್ಣ ಊರುಗಳಿಗೂ ಈಗ ಚರಂಡಿಯ ಹಣ. ಅಗೆತ ಶುರುವಾಗಿ ಬೀದಿಯ ತುಂಬ ಮಣ್ಣು. ಅಕ್ಕನಿಗೆ ಕೆಲಸ ಇಮ್ಮಡಿ, ಮುಖದಲ್ಲಿ ನಗೆಯೂ ಇಮ್ಮಡಿ.

"ಉದ್ಘಾಟನೆಗೆ ಮಂತ್ರಿಗಳೇ ಬರ್ತಾರಂತೆ," ಎನ್ನುತ್ತೇನೆ.

ಅಕ್ಕ ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಬಿಗಿಮಾಡಿಕೊಳ್ಳುತ್ತಾರೆ.

"ಬರ್ಲಿ, ಬರ್ಲಿ. ಅವತ್ತು ಮಾತ್ರ ನಂಗೆ ಯಾರೂ ರಜೆ ಕೊಡ್ಬಾರ್ದು!"