ಅಕ್ಕ ತುಂಗೆಯಾಗಿದ್ದ ಪಾಠ

ನಾನು ಚಿಕ್ಕವನಿದ್ದಾಗ ನಮ್ಮೂರ ಶಾಲೆಯಲ್ಲಿ ಐದರಿಂದ ಏಳನೇ ಕ್ಲಾಸಿನವರೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ನಮ್ಮ ಶೃಂಗೇರಿ ಸೀಮೆಯಲ್ಲಿ ತಾಳಮದ್ದಲೆಯ ಹುಚ್ಚು ಯಾರಿಗಿಲ್ಲ ಹೇಳಿ? ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಮಾತಿನಲ್ಲೇ ಯುದ್ಧ. ಮೇಷ್ಟ್ರು ಪಾಠವನ್ನೂ ಹಾಗೇ ಮಾಡಿಸುತ್ತಿದ್ದರು. ಮಳೆಯ ಪಾಠಕ್ಕೆ ನಾನು ಸೂರ್ಯ, ಏಳನೇ ಕ್ಲಾಸಿನಲ್ಲಿದ್ದ ನನ್ನಕ್ಕ ತುಂಗಾ ನದಿ. ಮೇಷ್ಟ್ರು ಮೇಜಿನ ಮೇಲೆ ಬೆರಳಲ್ಲೇ ಮದ್ದಲೆ ಬಾರಿಸುತ್ತಿದ್ದರು.

"ಎಲವೋ ಸೂರ್ಯ! ನನ್ನ ನೀರನ್ನು ಕಾಯಿಸಿ, ಆವಿ ಮಾಡಿ, ಕದ್ದೊಯ್ದ ಕಳ್ಳ ನೀನಲ್ಲವೇ?" ಎಂದು ಅಕ್ಕ ತೊಡೆ ತಟ್ಟಿ ಗದರಿದಾಗ ನಾನು ಮೇಷ್ಟ್ರ ಕಡೆ ತಿರುಗಿದೆ. ಉತ್ತರ ನಾಳೆಗೆ ಎಂದರು ಮೇಷ್ಟ್ರು. ಆ ಸಂಜೆಯೆಲ್ಲ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ನಿಂತು ಉತ್ತರ ಹೊಂದಿಸಿಕೊಂಡೆ.

ಮರುದಿನ ಬಂದವರು ಇನ್ಸ್‌ಪೆಕ್ಟರು. ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಹತ್ತಿರವಾಗಿತ್ತು. 'ಮಳೆ ಹೇಗೆ ಬರುತ್ತದೆ?' ಎಂದು ಬರೆಯಲು ಕೊಟ್ಟರು. ಅಕ್ಕ ತುಂಗೆಯಾಗಿಯೇ ಬರೆದಳು. ಆವಿ, ಮೋಡ, ಮಳೆ, ಎಲ್ಲವೂ ಇತ್ತು. ಆ ಮನುಷ್ಯ ಅದನ್ನು ಅಣಕಿಸುತ್ತ ಎಲ್ಲರೆದುರು ಓದಿ, ಉದ್ದಕ್ಕೂ ಕೆಂಪು ಗೀಟು ಎಳೆದರು.

"ನೋಟ್ಸಿನ ಪಾಯಿಂಟುಗಳೆಲ್ಲಿ? ಇದೆಂಥ ನಾಟಕ ಮೇಷ್ಟ್ರೇ?"

"ಅವಳಿಗೆ ಪಾಠ ಅರ್ಥ ಆಗಿದೆ ಸಾರ್."

"ಅರ್ಥ ಆಗಿದ್ದಕ್ಕೆ ಯಾರೂ ಮಾರ್ಕು ಕೊಡಲ್ಲ ಮಾರಾಯ್ರೇ. ರಿಸಲ್ಟ್ ಬರದಿದ್ರೆ ನಿಮ್ಮನ್ನೇ ಕೇಳೋದು."

ಅವತ್ತಿನಿಂದ ಮೇಜಿನ ಮದ್ದಲೆ ನಿಂತಿತು. ಬೆಳಗಿನಿಂದ ಸಂಜೆವರೆಗೆ ಪಾಯಿಂಟು ಉರು ಹೊಡೆಯುವುದೇ ಪಾಠವಾಯಿತು. ಅಕ್ಕ ಒಳ್ಳೆಯ ಮಾರ್ಕಿನಲ್ಲಿ ಪಾಸಾದಳು, ಅಪ್ಪ ಊರಿಗೆಲ್ಲ ಬೆಲ್ಲ ಹಂಚಿದರು. ಆದರೆ ಅಷ್ಟು ಗಟ್ಟಿಗಿತ್ತಿ, ಆಮೇಲೆ ತಾಳಮದ್ದಲೆಗೆ ಯಾರು ಕರೆದರೂ "ನಂಗೆ ಮಾತಾಡ್ಲಿಕ್ಕೆ ಬರಲ್ಲ" ಎಂದು ಒಳಗೆ ಹೋಗುತ್ತಿದ್ದಳು. ನನ್ನ ಉತ್ತರ ನನ್ನಲ್ಲೇ ಉಳಿಯಿತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ ಮಕ್ಕಳೇ!

ಮೊನ್ನೆ ಏನಾಯಿತು ಗೊತ್ತೇ? ಕೊಪ್ಪದಲ್ಲಿ ಓದುವ ಮೊಮ್ಮಗಳು ಮಾದರಿ ಪ್ರಶ್ನೆಪತ್ರಿಕೆ ಹರಡಿಕೊಂಡು "ನೀರು ಆವಿಯಾಗುವುದು... ಸಿ" ಎಂದು ಉತ್ತರದ ಸೊನ್ನೆಗೆ ಪೆನ್ಸಿಲಿನಲ್ಲಿ ಕಪ್ಪು ತುಂಬುತ್ತಿದ್ದಳು. ಆವಿ ಅಂದರೆ ಎಂತದು ಮರಿ ಎಂದೆ.

"ಅದೆಲ್ಲ ಕೇಳಲ್ಲ ಅಜ್ಜ. ಮಿಸ್ಸಿಗೂ ಹೇಳಿಕೊಡ್ಲಿಕ್ಕೆ ಪುರುಸೊತ್ತಿಲ್ಲ, ಇನ್ನೂ ರಾಶಿ ಪೇಪರ್ ಮಾಡಿಸ್ಬೇಕು."

ಅಷ್ಟು ವರ್ಷವಾದರೂ ಅದೇ ಕೆಂಪು ಗೀಟು! ನಾನು ರೇಗುವುದರೊಳಗೆ, ಮೂಲೆಯಲ್ಲಿ ಅವರೆ ಸುಲಿಯುತ್ತಿದ್ದ ಅಕ್ಕ ಮೊರ ಪಕ್ಕಕ್ಕೆ ತಳ್ಳಿ ತೊಡೆ ತಟ್ಟಿದಳು.

"ಎಲವೋ ಸೂರ್ಯ! ನನ್ನ ನೀರು ಕದ್ದ ಕಳ್ಳ ನೀನಲ್ಲವೇ?"

ನಾನೂ ನೆಟ್ಟಗೆ ಕೂತೆ. ಉತ್ತರ ಮರೆತಿರಲಿಲ್ಲ.

"ಕಳ್ಳನಾಗಿದ್ದರೆ ತುಂಗೆ, ಮಳೆಯಾಗಿಸಿ ನಿನಗೇ ತಿರುಗಿ ಸುರಿಯುತ್ತಿದ್ದೆನೇ?"

ಮೊಮ್ಮಗಳು ಪೆನ್ಸಿಲ್ ಬಿಟ್ಟು ನಮ್ಮಿಬ್ಬರ ನಡುವೆ ಬಂದು ಕೂತಳು. "ಅಜ್ಜ, ನಾನು ಮೋಡ ಆಗ್ಲಾ?"

ಅವಳ ಪ್ರಶ್ನೆಪತ್ರಿಕೆ ಫ್ಯಾನಿನ ಗಾಳಿಗೆ ಹಾರಿ ಅಂಗಳಕ್ಕೆ ಹೋಯಿತು. ನಾನಂತೂ ಹೆಕ್ಕಲಿಕ್ಕೆ ಏಳಲಿಲ್ಲ.